ಕಡಲಿನ ಹೊತ್ತು, ಕ್ಯಾಮೆರಾದ ಹೊತ್ತು

ಫ್ರಾನ್ಸ್‌ನ ದಕ್ಷಿಣ ಕರಾವಳಿಯಲ್ಲಿ ಸೆಟ್ ಎಂಬ ಬಂದರು ಪಟ್ಟಣವಿದೆ. 1857ರಲ್ಲಿ ಅಲ್ಲಿ ನಿಂತು ಛಾಯಾಗ್ರಾಹಕ ಗುಸ್ತಾವ್ ಲ ಗ್ರೇ ಒಂದು ದೊಡ್ಡ ಅಲೆಯ ಚಿತ್ರ ತೆಗೆದರು. ದಡದತ್ತ ಉರುಳಿ ಬರುತ್ತಿರುವ ನೀರು, ಬಂದರಿನ ಕಲ್ಲುಕಟ್ಟೆ, ಮೇಲೆ ದಟ್ಟವಾದ ಮೋಡ. ಇಂದು ನೋಡಿದರೆ ಅದರಲ್ಲಿ ವಿಶೇಷವೇನೂ ಕಾಣದಿರಬಹುದು. ಆದರೆ ಅಂದು ಅದನ್ನು ನೋಡಿದವರು ಬೆರಗಾದರು. ಚಲಿಸುವ ಅಲೆಯೂ ತುಂಬು ಮೋಡದ ಆಕಾಶವೂ ಒಂದೇ ಛಾಯಾಚಿತ್ರದಲ್ಲಿ ಸಿಗುವುದು ಆ ಕಾಲಕ್ಕೆ ಆಗದ ಮಾತಾಗಿತ್ತು.

ಅದಕ್ಕೆ ಕಾರಣವಿತ್ತು. ಆಗ ಬಳಕೆಯಲ್ಲಿದ್ದುದು ಕೊಲೋಡಿಯನ್ ಬಳಿದ ಗಾಜಿನ ಫಲಕ. ರಾಸಾಯನಿಕ ಬಳಿದು, ಅದು ಒಣಗುವ ಮೊದಲೇ ಚಿತ್ರ ತೆಗೆದು, ತೊಳೆದು ಮುಗಿಸಬೇಕು. ಕತ್ತಲೆ ಡೇರೆಯನ್ನೂ ಸಮುದ್ರದಂಡೆಗೆ ಹೊತ್ತೊಯ್ಯಬೇಕು. ಇಷ್ಟೆಲ್ಲ ಮಾಡಿದರೂ ಆ ಫಲಕಕ್ಕೆ ನೀಲಿ ಬಣ್ಣವೆಂದರೆ ಅತಿ ಸೂಕ್ಷ್ಮ. ನೀರು ಸರಿಯಾಗಿ ಮೂಡುವಷ್ಟು ಬೆಳಕು ಬಿಟ್ಟರೆ ಆಕಾಶ ಬಿಳಿ ಹಾಳೆಯಾಗುತ್ತಿತ್ತು. ಆಕಾಶಕ್ಕೆ ಹೊಂದಿಸಿದರೆ ಕಡಲು ಕಪ್ಪಾಗುತ್ತಿತ್ತು. ಲ ಗ್ರೇ ಎರಡು ನೆಗೆಟಿವ್ ಬಳಸಿದರು. ಒಂದರಲ್ಲಿ ಕಡಲು, ಇನ್ನೊಂದರಲ್ಲಿ ಮೋಡ. ಮುದ್ರಿಸುವಾಗ ಎರಡನ್ನೂ ದಿಗಂತದ ಗೆರೆಯಲ್ಲಿ ಕೂಡಿಸಿದರು. ಒಂದೇ ಮೋಡದ ನೆಗೆಟಿವ್ ಅನ್ನು ಅವರು ಒಂದಕ್ಕಿಂತ ಹೆಚ್ಚು ಚಿತ್ರಗಳಿಗೆ ಬಳಸಿದ್ದೂ ಉಂಟು.

ಇಂದು ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿದರೆ ಆಕಾಶವೇ ಬದಲಾಗುತ್ತದೆ. ಅದು ಸರಿಯೇ ತಪ್ಪೇ ಎಂಬ ಜಗಳ ನಡೆಯುವಾಗಲೆಲ್ಲ ನನಗೆ ಲ ಗ್ರೇ ನೆನಪಾಗುತ್ತಾರೆ. ಕಣ್ಣಿಗೆ ಒಟ್ಟಿಗೆ ಕಂಡದ್ದನ್ನು ಉಪಕರಣ ಹಿಡಿಯಲಾರದೆ ಹೋದಾಗ ಆ ಕೊರತೆಯನ್ನು ತುಂಬಿಕೊಳ್ಳುವುದು ನ್ಯಾಯ. ಒಂದೇ ಹೊತ್ತಿನಲ್ಲಿ ಬೇರೆ ಬೇರೆ ಬೆಳಕಿಗೆ ಮೂರು ಚಿತ್ರ ತೆಗೆದು ಬೆಸೆಯುವುದನ್ನು ನಾನು ಒಪ್ಪುತ್ತೇನೆ. ಮಾಲ್ಡೀವ್ಸ್‌ನ ಸಂಜೆಯನ್ನು ತಂದು ನಮ್ಮ ಕರಾವಳಿಯ ಮರವಂತೆಯ ಮೇಲೆ ಹೊದಿಸುವುದನ್ನು ಒಪ್ಪಲಾರೆ. ಕಡಲಿನ ಚಿತ್ರ ಒಂದು ಜಾಗದ್ದು ಮಾತ್ರವಲ್ಲ, ಒಂದು ಹೊತ್ತಿನದೂ ಹೌದು. ಆಕಾಶ ಕಿತ್ತು ಹಾಕಿದರೆ ಆ ಹೊತ್ತೇ ಸುಳ್ಳಾಗುತ್ತದೆ.

ಜಗತ್ತಿನ ರುದ್ರರಮಣೀಯ ಕಡಲತೀರಗಳ ಪಟ್ಟಿ ಹಿಡಿದು ಹೊರಡುವವರು ಬಹಳ. ಐಸ್‌ಲ್ಯಾಂಡಿನ ಕಪ್ಪು ಮರಳು, ಆಸ್ಟ್ರೇಲಿಯಾದ ಸುಣ್ಣಕಲ್ಲಿನ ಕಂಬಗಳು, ಐರ್ಲೆಂಡ್ ದ್ವೀಪದ ಷಟ್ಕೋನ ಶಿಲೆಗಳು. ಅಲ್ಲಿಗೆ ಹೋಗಿ, ಹಿಂದಿನವರು ನಿಂತಲ್ಲೇ ನಿಂತು, ಅದೇ ಚಿತ್ರ ತೆಗೆದು ಮರಳುತ್ತಾರೆ. ಜಾಗ ಹುಡುಕಲು ಪಡುವ ಶ್ರಮದ ಕಾಲುಭಾಗವನ್ನು ಹೊತ್ತು ಅರಿಯಲು ಪಟ್ಟರೂ ಚಿತ್ರದ ಗುಣವೇ ಬೇರೆಯಾಗುತ್ತದೆ.

ಮೊದಲು ಶಟರಿನ ಹೊತ್ತು. ಸೆಕೆಂಡಿನ ಸಾವಿರದ ಒಂದು ಭಾಗ ಮಾತ್ರ ಶಟರ್ ತೆರೆದರೆ ಬಂಡೆಗೆ ಅಪ್ಪಳಿಸಿದ ನೀರಿನ ಒಂದೊಂದು ಹನಿಯೂ ಗಾಳಿಯಲ್ಲಿ ಗಾಜಿನ ಚೂರಿನಂತೆ ನಿಲ್ಲುತ್ತದೆ. ಕಾಲು ಸೆಕೆಂಡಿನಿಂದ ಒಂದು ಸೆಕೆಂಡಿನವರೆಗೆ ತೆರೆದರೆ ದಡದಿಂದ ಹಿಂದೆ ಸರಿಯುವ ನೊರೆ ಉದ್ದನೆಯ ಗೆರೆಗಳಾಗಿ ಮೂಡುತ್ತದೆ. ನೀರು ಯಾವ ಕಡೆಗೆ, ಎಷ್ಟು ಜೋರಾಗಿ ಹೋಗುತ್ತಿದೆ ಎಂಬುದು ಚಿತ್ರದಲ್ಲಿ ಓದಲು ಸಿಗುತ್ತದೆ. ಅರ್ಧ ನಿಮಿಷ, ಎರಡು ನಿಮಿಷ ತೆರೆದಿಟ್ಟರೆ ಅಲೆಗಳೆಲ್ಲ ಕರಗಿ ಮಂಜಾಗುತ್ತವೆ. ಹಗಲಿನಲ್ಲಿ ಅಷ್ಟು ಹೊತ್ತು ತೆರೆದಿಡಲು ಲೆನ್ಸಿನ ಮುಂದೆ ಕಪ್ಪು ಗಾಜಿನಂಥ ಎನ್‌ಡಿ ಫಿಲ್ಟರ್ ಬೇಕು. ಹತ್ತು ಸ್ಟಾಪ್‌ಗಳ ಫಿಲ್ಟರ್ ಬೆಳಕನ್ನು ಹೆಚ್ಚುಕಡಿಮೆ ಸಾವಿರದ ಒಂದು ಪಾಲಿಗೆ ಇಳಿಸುತ್ತದೆ. ಅಂದರೆ ಸೆಕೆಂಡಿನ 30ನೇ ಒಂದು ಭಾಗ ಸಾಕಾಗುವಲ್ಲಿ ಅರ್ಧ ನಿಮಿಷಕ್ಕೂ ತುಸು ಹೆಚ್ಚು ಬೇಕಾಗುತ್ತದೆ.

ಈ ಫಿಲ್ಟರ್ ಅಗ್ಗವಾದ ಮೇಲೆ ಎಲ್ಲ ಕಡಲುಗಳೂ ಹಾಲಿನಂತೆ ಕಾಣತೊಡಗಿವೆ. ಇದು ನನಗೆ ಬೇಸರದ ಸಂಗತಿ. ಪ್ರಶಾಂತವಾದ ಅಳಿವೆಗೂ ಹುಚ್ಚೆದ್ದ ಜುಲೈ ತಿಂಗಳ ಕಡಲಿಗೂ ಒಂದೇ ಉಪಚಾರ ಮಾಡಿದರೆ ಎರಡರ ಸ್ವಭಾವವೂ ಅಳಿಸಿಹೋಗುತ್ತದೆ. ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1940ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೊ ಕರಾವಳಿಯಲ್ಲಿ ದಿಬ್ಬದ ಮೇಲೆ ನಿಂತು ಕೆಳಗಿನ ಮರಳಿನ ಮೇಲೆ ನೊರೆ ಬಂದು ಹೋಗುವುದನ್ನು ಚಿತ್ರಿಸಿದರು. ಜಾಗ ಒಂದೇ, ಚಿತ್ರ ಐದು. ಪ್ರತಿಯೊಂದರಲ್ಲೂ ನೊರೆಯ ಅಂಚು ಬೇರೆ ಬಗೆ. ಒಂದೊಂದನ್ನೇ ನೋಡಿದರೆ ಬರಿಯ ನೊರೆ. ಐದನ್ನೂ ಸಾಲಾಗಿ ನೋಡಿದರೆ ಕಡಲಿನ ಉಸಿರಾಟ ತಿಳಿಯುತ್ತದೆ. ಇನ್ನೊಂದು ತುದಿಯಲ್ಲಿ ಜಪಾನಿನ ಹಿರೋಷಿ ಸುಗಿಮೊಟೊ ಇದ್ದಾರೆ. 1980ರಿಂದ ಅವರು ಜಗತ್ತಿನ ಹಲವು ಸಮುದ್ರಗಳನ್ನು ಒಂದೇ ರೀತಿಯಲ್ಲಿ ಚಿತ್ರಿಸುತ್ತ ಬಂದಿದ್ದಾರೆ. ಮೇಲರ್ಧ ಆಕಾಶ, ಕೆಳಗಿನರ್ಧ ನೀರು, ನಡುವೆ ದಿಗಂತ. ಹಡಗಿಲ್ಲ, ಹಕ್ಕಿಯಿಲ್ಲ, ದಂಡೆಯೂ ಇಲ್ಲ. ಆದಿಮಾನವ ಕಂಡ ಕಡಲನ್ನೇ ನಾವೂ ಕಾಣಬಹುದೇ ಎಂಬುದು ಅವರ ಹುಡುಕಾಟ. ಎಷ್ಟು ಹೊತ್ತು ಶಟರ್ ತೆರೆಯಬೇಕು ಎಂಬುದನ್ನು ಇಬ್ಬರೂ ತಾವು ಹೇಳಬೇಕಾದ ವಿಷಯದಿಂದಲೇ ತೀರ್ಮಾನಿಸಿದರು.

ಎರಡನೆಯದು ಉಬ್ಬರ ಇಳಿತದ ಹೊತ್ತು. ಕೆನಡಾದ ಫಂಡಿ ಕೊಲ್ಲಿಯ ತುದಿಯಲ್ಲಿ ನೀರು 16 ಮೀಟರ್‌ವರೆಗೂ ಏರಿ ಇಳಿಯುತ್ತದೆ; ಜಗತ್ತಿನಲ್ಲೇ ಅತಿ ದೊಡ್ಡ ಉಬ್ಬರ ಅದು. ಅಲ್ಲಿನ ಹೋಪ್‌ವೆಲ್ ಬಂಡೆಗಳು ಬುಡ ಸವೆದು, ತಲೆಯ ಮೇಲೆ ಮರ ಹೊತ್ತು ನಿಂತಿವೆ. ಇಳಿತದಲ್ಲಿ ಅವುಗಳ ಬುಡದಲ್ಲಿ ಸಮುದ್ರತಳದ ಮೇಲೆ ನಡೆದಾಡಬಹುದು. ಕೆಲವೇ ಗಂಟೆಗಳಲ್ಲಿ ಅದೇ ಜಾಗದಲ್ಲಿ ದೋಣಿ ಹೋಗುತ್ತದೆ. ನ್ಯೂಜಿಲೆಂಡಿನ ಮೊಯೆರಾಕಿ ತೀರದ ಉರುಟು ಬಂಡೆಗಳದು ಬೇರೆ ಕಥೆ. ಪೂರ್ತಿ ಇಳಿತದಲ್ಲಿ ಅವು ಒಣ ಮರಳಿನ ಮೇಲೆ ಬಿದ್ದ ಕಲ್ಲುಗಳಷ್ಟೇ, ಪೂರ್ತಿ ಉಬ್ಬರದಲ್ಲಿ ಕಾಣುವುದೇ ಕಡಿಮೆ. ನಡುವಿನ ಸ್ವಲ್ಪ ಹೊತ್ತು, ತೆಳುವಾದ ನೀರು ಸುತ್ತಲೂ ಹರಿದು ಹಿಂದೆ ಸರಿಯುವಾಗ, ಅವಕ್ಕೆ ಜೀವ ಬರುತ್ತದೆ. ಆ ಹೊತ್ತು ಸೂರ್ಯೋದಯಕ್ಕೆ ಕೂಡಿ ಬರುವುದು ತಿಂಗಳಿನ ಕೆಲವೇ ದಿನಗಳಲ್ಲಿ. ಅದನ್ನು ಮೊದಲೇ ಲೆಕ್ಕ ಹಾಕಿ ಹೋಗಬೇಕು.

ಈ ಲೆಕ್ಕ ನಮ್ಮವರಿಗೆ ಹೊಸದಲ್ಲ. ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ನಾಳಿನ ಉಬ್ಬರ ಇಂದಿಗಿಂತ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಸುತ್ತಮುತ್ತ ಕಡಿಮೆ. ತಿಥಿ ನೋಡಿ ಬಲೆ ಬಿಡುವ ಕರಾವಳಿಯ ಮೀನುಗಾರರಿಗೆ ಇದು ಹುಟ್ಟಿನಿಂದ ಬಂದ ಪಾಠ. ನಮ್ಮ ತೀರದಲ್ಲಿ ಏರಿಳಿತ ಒಂದೆರಡು ಮೀಟರ್‌ನಷ್ಟು ಮಾತ್ರ. ಆದರೂ ಬಂಡೆಯ ಬುಡದ ಪಾಚಿ, ಕಲ್ಲಿನ ಕುಳಿಗಳಲ್ಲಿ ನಿಂತ ನೀರು, ಅದರಲ್ಲಿ ಮೂಡುವ ಆಕಾಶ ಇವೆಲ್ಲ ಅಮಾವಾಸ್ಯೆ, ಹುಣ್ಣಿಮೆಯ ಇಳಿತದಲ್ಲಿ ಸಿಗುವ ಹಾಗೆ ಬೇರೆ ದಿನ ಸಿಗುವುದಿಲ್ಲ.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಚಿತ್ರಕಾರ ಕ್ಲೋದ್ ಮೊನೆ ಅವರ ಬದುಕಿನಲ್ಲೇ ಉದಾಹರಣೆಯಿದೆ. ಫ್ರಾನ್ಸ್‌ನ ಎತ್ರೆತಾ ತೀರದ ಸೀಮೆಸುಣ್ಣದ ಕಮಾನುಗಳನ್ನು ಅವರು ಮತ್ತೆ ಮತ್ತೆ ಬಣ್ಣದಲ್ಲಿ ಚಿತ್ರಿಸಿದರು. ಬೆಳಕು ಬದಲಾದಂತೆ ಕ್ಯಾನ್ವಾಸ್ ಬದಲಿಸುತ್ತ, ಒಂದೇ ನೋಟದ ಹಲವು ಚಿತ್ರಗಳನ್ನು ಒಟ್ಟಿಗೆ ಬರೆಯುತ್ತಿದ್ದರು. ಬೆಳಕಿನ ಹೊತ್ತನ್ನು ಅವರಷ್ಟು ಬಲ್ಲವರು ವಿರಳ. 1885ರ ನವೆಂಬರಿನಲ್ಲಿ ಕಡಲು ಇಳಿಯುತ್ತಿದೆ ಎಂದು ನಂಬಿ ಬಂಡೆಯ ಕೆಳಗೆ ಕುಳಿತು ಕೆಲಸದಲ್ಲಿ ಮುಳುಗಿದ್ದರು. ಕಡಲು ಏರುತ್ತಿತ್ತು. ದೊಡ್ಡ ಅಲೆಯೊಂದು ಬಂದು ಅವರನ್ನು ಬಂಡೆಗೆ ಎತ್ತಿ ಒಗೆಯಿತು, ಮರಳುವಾಗ ಸಾಮಾನುಗಳ ಸಮೇತ ಎಳೆದುಕೊಂಡಿತು. ಹೇಗೋ ಬದುಕಿ ಬಂದರು. ಚಿತ್ರ, ಬಣ್ಣ, ಕುಂಚ ಎಲ್ಲ ಕಡಲ ಪಾಲು.

ಐಸ್‌ಲ್ಯಾಂಡಿನ ವೀಕ್ ಊರಿನ ಬಳಿಯ ರೇನಿಸ್‌ಫ್ಯಾರಾ ತೀರದಲ್ಲಿ ಎಲ್ಲರೂ ಮೊನೆಯಷ್ಟು ಅದೃಷ್ಟವಂತರಾಗಿಲ್ಲ. ಜ್ವಾಲಾಮುಖಿಯ ಶಿಲೆ ಪುಡಿಯಾಗಿ ಆದ ಕಪ್ಪು ಮರಳು, ಸಾಲುಸಾಲು ಕಂಬಗಳಂತೆ ಎದ್ದ ಬಸಾಲ್ಟ್ ಗೋಡೆ, ನೀರಿನಾಚೆ ನಿಂತ ರೇನಿಸ್‌ದ್ರಂಗಾರ್ ಶಿಖರಗಳು. ಹಡಗು ಎಳೆಯುತ್ತಿದ್ದ ದೈತ್ಯರು ಬೆಳಗಾಗಿ ಕಲ್ಲಾದರು ಎಂಬ ಕಥೆ ಅವಕ್ಕಿದೆ. ಅಟ್ಲಾಂಟಿಕ್ ಸಾಗರದಲ್ಲಿ ಸಾವಿರಾರು ಕಿಲೋಮೀಟರ್ ತಡೆಯಿಲ್ಲದೆ ಬಂದ ಅಲೆಗಳು ಇಲ್ಲಿ ನೇರ ದಡಕ್ಕೆ ಬಡಿಯುತ್ತವೆ. ಹತ್ತು ಅಲೆ ಒಂದು ಗೆರೆಯಲ್ಲಿ ನಿಂತು ವಾಪಸು ಹೋದರೆ ಹನ್ನೊಂದನೆಯದು ಆ ಗೆರೆ ದಾಟಿ ಬಹಳ ಮೇಲಕ್ಕೆ ನುಗ್ಗುತ್ತದೆ. ನೀರು ಮೊಣಕಾಲಿಗೆ ಬಂದರೂ ಸಾಕು, ಕಾಲ ಕೆಳಗಿನ ಮರಳು ಜಾರಿ ಮನುಷ್ಯ ಕುಸಿಯುತ್ತಾನೆ. ಕಡಲಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುತ್ತಿದ್ದವರೂ ಸೇರಿ ಅನೇಕರನ್ನು ಅಲೆಗಳು ಅಲ್ಲಿ ಎಳೆದಿವೆ, ಹಲವರು ಸತ್ತಿದ್ದಾರೆ. ಅಪಾಯದ ಮಟ್ಟ ತಿಳಿಸುವ ದೀಪಗಳನ್ನು ಈಗ ಅಲ್ಲಿ ನೆಟ್ಟಿದ್ದಾರೆ.

ನಮ್ಮ ಪಶ್ಚಿಮ ಕರಾವಳಿಗೂ ಇಂಥ ಅಲೆಗಳು ಬರುತ್ತವೆ. ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ, ಇಲ್ಲಿ ಗಾಳಿಯೇ ಇಲ್ಲದಿದ್ದರೂ, ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಬಿರುಗಾಳಿ ಎಬ್ಬಿಸಿದ ಅಲೆಗಳು ದಿನಗಟ್ಟಲೆ ಪಯಣಿಸಿ ನಮ್ಮ ದಡಕ್ಕೆ ನುಗ್ಗುತ್ತವೆ. ಕೇರಳದವರು ಕಳ್ಳಕ್ಕಡಲ್ ಎನ್ನುವ ಈ ಅಲೆಗಳ ಮುನ್ನೆಚ್ಚರಿಕೆಯನ್ನು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕರ್ನಾಟಕದ ತೀರಕ್ಕೂ ಕೊಡುತ್ತದೆ. ಕ್ಯಾಮೆರಾ ಹಿಡಿದು ಹೊರಡುವವರು ಅದನ್ನು ನೋಡಿಯೇ ಹೊರಡಬೇಕು. ತೀರಕ್ಕೆ ಹೋದ ಮೇಲೂ ಕಾಲು ಗಂಟೆ, ಇಪ್ಪತ್ತು ನಿಮಿಷ ಎತ್ತರದಲ್ಲಿ ನಿಂತು ಸುಮ್ಮನೆ ನೋಡಬೇಕು. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ. ಒಂದು ಗುಂಪು ಬಂದು ಹೋಗುವುದನ್ನು ಕಾಣದೆ ಬಂಡೆಗೆ ಇಳಿಯಬಾರದು. ಒದ್ದೆಯಾಗಿರುವ ಬಂಡೆ ಎಂದರೆ ಅಲೆ ಅಲ್ಲಿಯವರೆಗೆ ಬರುತ್ತದೆ ಎಂದೇ ಅರ್ಥ. ಲೆನ್ಸಿನ ಮೂಲಕ ನೋಡುವವರಿಗೆ ಪಕ್ಕದಿಂದ ಬರುವ ನೀರು ಕಾಣುವುದಿಲ್ಲವಾದ್ದರಿಂದ ಜೊತೆಗೊಬ್ಬರು ಇದ್ದರೆ ಒಳ್ಳೆಯದು.

ಕಪ್ಪು ಮರಳಿನ ಮಾತು ಬಂತು. ಕ್ಯಾಮೆರಾದ ಮೀಟರ್ ತನ್ನೆದುರಿನದೆಲ್ಲ ನಡುಬೂದು ಬಣ್ಣದ್ದೆಂದು ತಿಳಿಯುತ್ತದೆ. ಕಪ್ಪು ಮರಳು ತೋರಿಸಿದರೆ ಅದನ್ನು ಬೂದಾಗಿಸಲು ಬೆಳಕು ಹೆಚ್ಚಿಸುತ್ತದೆ, ನೊರೆಯ ಬಿಳುಪು ಸುಟ್ಟುಹೋಗುತ್ತದೆ. ಬಿಳಿ ಮರಳು ತೋರಿಸಿದರೆ ಬೆಳಕು ತಗ್ಗಿಸಿ ಕೊಳೆ ಬಟ್ಟೆಯ ಬಣ್ಣಕ್ಕೆ ಇಳಿಸುತ್ತದೆ. ಆದ್ದರಿಂದ ಕಪ್ಪಿಗೆ ಬೆಳಕು ಇಳಿಸಬೇಕು, ಬಿಳಿಗೆ ಏರಿಸಬೇಕು. ಮನಸ್ಸಿಗೆ ತೋಚುವುದರ ತಿರುವುಮುರುವು. ಇದನ್ನು ಕಲಿಯಲು ಐಸ್‌ಲ್ಯಾಂಡಿಗೇ ಹೋಗಬೇಕಾಗಿಲ್ಲ. ಕಾರವಾರದ ಮಾಜಾಳಿಯ ಬಳಿ, ಗೋವಾ ಗಡಿಯಂಚಿನ ತಿಳಮಾತಿ ತೀರದಲ್ಲಿ ಎಳ್ಳು ಚೆಲ್ಲಿದ ಹಾಗೆ ಕಪ್ಪು ಮರಳಿದೆ.

ಉಪಕರಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟ್ರೈಪಾಡ್ ಕಾಲನ್ನು ಹಸಿ ಮರಳಿಗೆ ಮೊದಲೇ ಒತ್ತಿ ಆಳಕ್ಕೆ ಇಳಿಸಿ. ಇಲ್ಲದಿದ್ದರೆ ಹಿಂದೆ ಸರಿಯುವ ಪ್ರತಿ ಅಲೆಯೂ ಬುಡದ ಮರಳು ಕೆರೆದು ಚಿತ್ರ ಅಲುಗುತ್ತದೆ. ದಂಡೆಯಲ್ಲಿ ಲೆನ್ಸ್ ಬದಲಿಸಬೇಡಿ. ಎಸಿ ಕೋಣೆಯಿಂದ ಮಂಗಳೂರಿನ ಸೆಕೆಗೆ ತಂದ ಲೆನ್ಸ್ ಮಬ್ಬಾಗುತ್ತದೆ, ಅರ್ಧ ಗಂಟೆ ಚೀಲದಲ್ಲೇ ಇರಲಿ. ಮನೆಗೆ ಬಂದ ಕೂಡಲೇ ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಉಪ್ಪು ಒರೆಸಿ.

ಮೂರನೆಯ ಹೊತ್ತೊಂದಿದೆ, ಅದು ಕಲ್ಲಿನದು. ಮಾಲ್ಟಾ ದೇಶದ ಗೋಜೊ ದ್ವೀಪದಲ್ಲಿ ಸಮುದ್ರಕ್ಕೆ ಇಳಿಬಿದ್ದ ಬಾಗಿಲಿನಂತಿದ್ದ ಅಜೂರ್ ವಿಂಡೋ ಎಂಬ ಸುಣ್ಣಕಲ್ಲಿನ ಕಮಾನನ್ನು ಲಕ್ಷಾಂತರ ಮಂದಿ ಚಿತ್ರಿಸಿದ್ದರು. 2017ರ ಮಾರ್ಚ್ 8ರ ಬೆಳಿಗ್ಗೆ ಬಿರುಗಾಳಿಯಲ್ಲಿ ಅದು ಕುಸಿಯಿತು. ಕಮಾನಷ್ಟೇ ಅಲ್ಲ, ಅದನ್ನು ಹೊತ್ತ ಕಂಬವೂ ಹೋಯಿತು. ಗಲಾಪಗೋಸ್‌ನ ಡಾರ್ವಿನ್ ಕಮಾನಿನ ಮೇಲ್ಭಾಗ 2021ರ ಮೇ 17ರಂದು ಬಿತ್ತು, ಈಗ ಎರಡು ಕಂಬಗಳು ಮಾತ್ರ ಇವೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ತೀರದಲ್ಲಿ ಲಂಡನ್ ಬ್ರಿಡ್ಜ್ ಎಂದು ಕರೆಯುತ್ತಿದ್ದ ಜೋಡಿ ಕಮಾನಿನ ದಡದ ಕಡೆಯದು 1990ರ ಜನವರಿಯಲ್ಲಿ ಕುಸಿದಾಗ ತುದಿಯಲ್ಲಿದ್ದ ಇಬ್ಬರು ಪ್ರವಾಸಿಗರು ಸಿಕ್ಕಿಹಾಕಿಕೊಂಡರು, ಹೆಲಿಕಾಪ್ಟರ್‌ನಲ್ಲಿ ಕರೆತರಬೇಕಾಯಿತು. ಅದೇ ತೀರದ ಟ್ವೆಲ್ವ್ ಅಪಾಸಲ್ಸ್‌ ಕಂಬಗಳಲ್ಲಿ ಸುಮಾರು 50 ಮೀಟರ್ ಎತ್ತರದ್ದೊಂದು 2005ರ ಜುಲೈನಲ್ಲಿ ಕಣ್ಣೆದುರೇ ಕಲ್ಲುರಾಶಿಯಾಯಿತು. ಹೆಸರಿನಲ್ಲಿ ಹನ್ನೆರಡಿದ್ದರೂ ಅಲ್ಲಿ ಹನ್ನೆರಡು ಎಂದೂ ಇರಲಿಲ್ಲ.

ಇವನ್ನು ಕೆಡವಿದ್ದು ಇವನ್ನು ಕೆತ್ತಿದ ಕಡಲೇ. ಅಲೆ ಮೊದಲು ಬಂಡೆಯ ಬಿರುಕು ಹಿಗ್ಗಿಸಿ ಗುಹೆ ಮಾಡುತ್ತದೆ, ಎರಡೂ ಕಡೆಯಿಂದ ಕೊರೆದು ಕಮಾನು ಮಾಡುತ್ತದೆ, ನೆತ್ತಿ ಬಿದ್ದಾಗ ಕಂಬ ಉಳಿಯುತ್ತದೆ, ಕೊನೆಗೆ ಕಂಬವೂ ಬೀಳುತ್ತದೆ. ಪ್ರವಾಸಿಗರ ಚಿತ್ರದಲ್ಲಿರುವುದು ಈ ದೀರ್ಘ ಕೆಲಸದ ಒಂದು ಹಂತ. ಹೀಗಾಗಿ ತೀರದ ಸಾಮಾನ್ಯ ಚಿತ್ರವೂ ಒಂದು ದಿನ ದಾಖಲೆಯಾಗುತ್ತದೆ.

ಒಂದೇ ತೀರವನ್ನು ವರ್ಷಗಟ್ಟಲೆ ನೋಡುವ ತಾಳ್ಮೆ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ ಅವರಿಗಿತ್ತು. 1929ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಮೆಲ್‌ಗೆ ಬಂದ ಮೇಲೆ ಹತ್ತಿರದ ಪಾಯಿಂಟ್ ಲೋಬೋಸ್ ತೀರಕ್ಕೆ ಅವರು ಹೋಗುತ್ತಲೇ ಇದ್ದರು. ದೊಡ್ಡ ನೋಟಗಳಿಗಿಂತ ಸವೆದ ಬಂಡೆ, ದಡಕ್ಕೆ ಬಿದ್ದ ಕಡಲಪಾಚಿ, ಸೈಪ್ರಸ್ ಮರದ ಬೇರು ಅವರನ್ನು ಹಿಡಿದು ನಿಲ್ಲಿಸುತ್ತಿದ್ದವು. ಪಾರ್ಕಿನ್‌ಸನ್ ಕಾಯಿಲೆ ಕೈ ನಡುಗಿಸತೊಡಗಿದಾಗ, 1948ರಲ್ಲಿ, ತಮ್ಮ ಕೊನೆಯ ಚಿತ್ರ ತೆಗೆದದ್ದೂ ಅಲ್ಲಿಯೇ. ಇಪ್ಪತ್ತು ದೇಶಗಳ ಇಪ್ಪತ್ತು ತೀರಗಳಿಗಿಂತ ಒಂದೇ ತೀರದ ಇಪ್ಪತ್ತು ವರ್ಷ ದೊಡ್ಡದು ಎಂದು ನಾನು ನಂಬುವುದಕ್ಕೆ ಅವರ ಕೆಲಸವೇ ಕಾರಣ.

ಪ್ರಸಿದ್ಧ ಚಿತ್ರಗಳು ತೀರಗಳಿಗೇ ಮುಳುವಾದದ್ದೂ ಇದೆ. ಥಾಯ್ಲೆಂಡಿನ ಮಾಯಾ ಕೊಲ್ಲಿ 2000ರಲ್ಲಿ ಬಂದ ‘ದಿ ಬೀಚ್’ ಚಲನಚಿತ್ರದಿಂದ ಹೆಸರಾಯಿತು. ದಿನಕ್ಕೆ ಸಾವಿರಾರು ಜನ, ದೋಣಿಗಳ ಲಂಗರು. ಹವಳದ ದಿಬ್ಬಗಳು ಹಾಳಾದವು. 2018ರ ಜೂನ್‌ನಲ್ಲಿ ಮುಚ್ಚಿದ ಕೊಲ್ಲಿಯನ್ನು 2022ರ ಜನವರಿಯಲ್ಲಿ ತೆರೆದಾಗ ದೋಣಿಗಳು ಒಳಬರದಂತೆ ಕಟ್ಟುಪಾಡು ಹಾಕಿದರು. ಅಷ್ಟರಲ್ಲಿ ಕಪ್ಪುತುದಿ ರೆಕ್ಕೆಯ ಶಾರ್ಕ್‌ಗಳು ಮರಳಿ ಬಂದಿದ್ದವು.

ಇನ್ನು ನಮ್ಮ ತೀರ. ಕರ್ನಾಟಕದ ಕಡಲು ಪಶ್ಚಿಮಕ್ಕೆ ಮುಖ ಮಾಡಿದೆ, ಆದ್ದರಿಂದ ನಮ್ಮ ಕಡಲಚಿತ್ರವೆಂದರೆ ಸೂರ್ಯಾಸ್ತ ಎಂದಾಗಿಬಿಟ್ಟಿದೆ. ಸಂಜೆಯ ಬೆಳಕಿನಲ್ಲಿ ಸೂರ್ಯನಿಗಿಂತ ಚಂದದ್ದೊಂದಿದೆ: ದಡದ ಹತ್ತಿರ ಎದ್ದ ಅಲೆಯ ತೆಳುವಾದ ನೆತ್ತಿ. ಹಿಂದಿನಿಂದ ಬಂದ ಬಿಸಿಲು ನೀರಿನೊಳಗೆ ಹಾದು ಅದು ಪಚ್ಚೆಯಂತೆ ಹೊಳೆಯುವುದು ಅರೆಕ್ಷಣ. ಬೆಳಗಿನ ಹೊತ್ತು ನಮ್ಮವರು ಕಡಲಿಗೆ ಹೋಗುವುದೇ ಕಡಿಮೆ. ಆಗ ಸೂರ್ಯ ಘಟ್ಟದ ಹಿಂದಿನಿಂದ ಏರಿ, ನಮ್ಮ ಬೆನ್ನ ಮೇಲಿಂದ ಅಲೆಗಳ ಮುಖಕ್ಕೇ ಬೆಳಕು ಚೆಲ್ಲುತ್ತಾನೆ. ಕೈರಂಪಣಿ ಬಲೆ ಎಳೆಯುವವರ ಮುಖ, ದೋಣಿಯ ಬಣ್ಣ, ನೀರಿನ ನೀಲಿ ಎಲ್ಲವೂ ಆ ಬೆಳಕಿನಲ್ಲಿ ನಿಚ್ಚಳ. ದುಡಿಯುವವರನ್ನು ಕೇಳದೆ ಕ್ಯಾಮೆರಾ ಎತ್ತುವುದು ಬೇಡ. ಕಾರವಾರದ ನೌಕಾನೆಲೆಯ ಸುತ್ತ ಚಿತ್ರೀಕರಣಕ್ಕೆ ನಿರ್ಬಂಧವಿದೆ. ಡ್ರೋನ್ ಹಾರಿಸುವವರು ನಿಷಿದ್ಧ ವಲಯಗಳ ನಕ್ಷೆಯನ್ನು ಮೊದಲೇ ನೋಡಿಕೊಳ್ಳಬೇಕು. ಕಡಲಾಮೆಗಳು ಮೊಟ್ಟೆಯಿಡಲು ಬರುವ ಕುಂದಾಪುರ, ಹೊನ್ನಾವರದ ತೀರಗಳಲ್ಲಿ ರಾತ್ರಿ ಫ್ಲ್ಯಾಶ್ ಬೇಡವೇ ಬೇಡ. ಬೆಳಕು ಕಂಡು ಮರಿಗಳು ದಿಕ್ಕು ತಪ್ಪುತ್ತವೆ.

ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಶಿಲೆಗಳನ್ನು ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಜೊತೆ ಇಟ್ಟು ನೋಡಬೇಕು. ಎರಡೂ ಕಡೆ ಲಾವಾ ತಣಿದು ಕುಗ್ಗುವಾಗ ಬಿರುಕು ಬಿಟ್ಟು ಬಹುಕೋನ ಕಂಬಗಳಾದವು. ಅಲ್ಲಿನದು ಸುಮಾರು 6 ಕೋಟಿ ವರ್ಷ ಹಳೆಯ ಬಸಾಲ್ಟ್. ನಮ್ಮದು ಅದಕ್ಕಿಂತ ಹಿರಿದು, ಸುಮಾರು 8.8 ಕೋಟಿ ವರ್ಷದ ರಯೋಲೈಟ್ ಬಗೆಯ ಶಿಲೆ. ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ್ದು. ಭೂಖಂಡವೊಂದು ಸೀಳಿದ ಗುರುತಿನ ಮೇಲೆ ನಿಂತು ನಾವು ಬರಿಯ ತೆಂಗಿನಮರಗಳನ್ನು ಚಿತ್ರಿಸಿ ಬರುತ್ತೇವೆ ಎನ್ನುವುದು ನನ್ನ ದೊಡ್ಡ ಕೊರಗು. ಇಳಿತ ನೋಡಿಕೊಂಡು ಹೋಗಿ, ಕಂಬಗಳ ತಲೆಗಳು ಹಾಸಿದ ಕಲ್ಲಿನಂತೆ ನೀರಿಗಿಳಿಯುವ ಅಂಚನ್ನು ನೋಡಿ. ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಇರುವುದಿಲ್ಲ. ಆಗ 1901ರ ಕಾಪು ದೀಪಸ್ತಂಭದ ಬಂಡೆ ಇದೆ. ಹೆದ್ದಾರಿಯ ಒಂದು ಬದಿಗೆ ಸೌಪರ್ಣಿಕಾ, ಇನ್ನೊಂದು ಬದಿಗೆ ಕಡಲು ಇರುವ ಮರವಂತೆ ಇದೆ. ಜೂನ್, ಜುಲೈನ ಮೀನುಗಾರಿಕೆ ನಿಷೇಧದ 61 ದಿನ ಮಲ್ಪೆ ಬಂದರಿನಲ್ಲಿ ಒತ್ತೊತ್ತಾಗಿ ನಿಂತ ದೋಣಿಗಳಿವೆ. ಮಣ್ಣು ಕದಡಿದ ನೀರು, ಸೀಸದ ಬಣ್ಣದ ಆಕಾಶ, ದಿಗಂತವನ್ನೇ ನುಂಗಿದ ಮಳೆ: ನಮ್ಮ ಕಡಲಿನ ನಿಜವಾದ ರೌದ್ರ ಇದೇ. ಇದನ್ನು ಗಟ್ಟಿ ನೆಲದ ಮೇಲೆ ದೂರ ನಿಂತು ಉದ್ದನೆಯ ಲೆನ್ಸಿನಲ್ಲಿ ತೆಗೆಯಬೇಕು.

ಆ ಮಳೆಗಾಲವೇ ಉಳ್ಳಾಲ, ಸೋಮೇಶ್ವರದಂಥ ಕಡೆ ದಡವನ್ನು ಕೊರೆದು ಮನೆ, ರಸ್ತೆ, ತೆಂಗುಗಳನ್ನು ಒಯ್ಯುತ್ತದೆ. ಕಡಲ್ಕೊರೆತ ಎಷ್ಟಾಯಿತು, ಎಲ್ಲಿ ಮರಳು ಮರಳಿ ಬಂತು ಎಂದು ತಿಳಿಯಲು ಚಿತ್ರಗಳು ನೆರವಾಗುತ್ತವೆ. 2017ರಲ್ಲಿ ಸಿಡ್ನಿಯ ಕಡಲತೀರಗಳಲ್ಲಿ ಕೋಸ್ಟ್‌ಸ್ನ್ಯಾಪ್ ಎಂಬ ಯೋಜನೆ ಹೀಗೇ ಶುರುವಾಯಿತು. ಮೊಬೈಲ್ ಇಡುವ ಒಂದು ತೊಟ್ಟಿಲನ್ನು ಕಂಬಕ್ಕೆ ಬಿಗಿದರು. ದಾರಿಹೋಕರು ಅದರಲ್ಲಿಟ್ಟು ತೆಗೆದ ಚಿತ್ರಗಳೆಲ್ಲ ಒಂದೇ ಕೋನದವು. ಅವುಗಳಿಂದ ಸಂಶೋಧಕರು ದಡದ ಗೆರೆ ಎಷ್ಟು ಸರಿದಿದೆ ಎಂದು ಅಳೆದರು. ಈಗ ಹಲವು ದೇಶಗಳಲ್ಲಿ ಈ ಕೆಲಸ ನಡೆಯುತ್ತಿದೆ.

ಕರಾವಳಿಯಲ್ಲಿರುವ ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮೂರಿನ ತೀರದಲ್ಲಿ ಅಲುಗದ ಒಂದು ಗುರುತು ಹುಡುಕಿ. ದೇವಸ್ಥಾನದ ಮೆಟ್ಟಿಲಾಗಲಿ, ಸೇತುವೆಯ ಅಂಚಾಗಲಿ. ತಿಂಗಳಿಗೊಮ್ಮೆ, ಹುಣ್ಣಿಮೆಯ ಇಳಿತದ ಹೊತ್ತಿಗೆ, ಅಲ್ಲಿಂದಲೇ ಒಂದು ಚಿತ್ರ ತೆಗೆಯಿರಿ. ತಾರೀಕು ಮತ್ತು ಗಂಟೆಯನ್ನು ಜೊತೆಗೆ ಬರೆದಿಡಿ. ಜೂನ್ ಒಳಗೆ ಶುರು ಮಾಡಿದರೆ ಮಳೆಗಾಲಕ್ಕೆ ಮೊದಲಿನ ದಡ ಹೇಗಿತ್ತು ಎಂಬುದೂ ನಿಮ್ಮ ಬಳಿ ಇರುತ್ತದೆ.